ಲೈಬ್ರರಿ ಪಿರಿಯಡ್‌ನಾಗ ಇನ್ಫೋಗ್ರಾಫಿಕ್: ಕನ್ನಡ ಒಡೀತದ, ಪ್ರಿಂಟ್ ಮಸುಕು, ಮಕ್ಕಳು ಟೆಂಪ್ಲೇಟಿನಾಗೇ ಮುಳುಗ್ತಾರ. ಹೆಂಗ ಮಾಡ್ಬೇಕ್ರಿ?

ಪುಸ್ತಕದ_ಕಪಾಟು (ಯಾದಗಿರಿ)

ಎಲ್ಲರಿಗೂ ನಮಸ್ಕಾರ. 9ನೇ ತರಗತಿಗೆ ‘ನಮ್ಮ ಜಿಲ್ಲೆ’ ಅಂತ ಇನ್ಫೋಗ್ರಾಫಿಕ್ (ಮಾಹಿತಿಯನ್ನ ಚಿತ್ರದಾಗ ತೋರ್ಸೋ ಹಾಳಿ) ಮಾಡಿಸೋ ಕೆಲಸ ಲೈಬ್ರರಿ ಪಿರಿಯಡ್‌ಗೆ ಬಂದದ. ಗುಂಪಿಗೊಂದು ಎ3 ಹಾಳಿ. ವಾರಕ್ಕ ಒಂದೇ ಪಿರಿಯಡ್, 40 ನಿಮಿಷ. ಮಕ್ಕಳು 38, ಕಂಪ್ಯೂಟರ್ 5. ನೆಟ್ ಬರ್ತದ, ಹೋಗ್ತದ.

ಆಗೋ ತೊಂದರಿ ಇವು. ನುಡಿ ತಂತ್ರಾಂಶದೊಳಗ ಟೈಪ್ ಮಾಡಿದ್ದನ್ನ ಆನ್‌ಲೈನ್ ಡಿಸೈನ್ ಟೂಲಿನಾಗ ಪೇಸ್ಟ್ ಮಾಡಿದ್ರ ಇಂಗ್ಲಿಷ್ ಅಕ್ಷರ, ಚುಕ್ಕಿ, ಟೊಪ್ಪಿಗಿ ಬರ್ತಾವ. ನೇರ ಟೈಪ್ ಮಾಡಿದ್ರ ಒತ್ತಕ್ಷರ ಕೆಳಗಿನ ಸಾಲಿಗೆ ಹೋಗಿ ಬಡೀತಾವ. ಸ್ಕ್ರೀನ್ ಮ್ಯಾಲ ಛಲೋ ಕಂಡದ್ದು ಝೆರಾಕ್ಸ್ ಅಂಗಡ್ಯಾಗ ಎ3 ತೆಗೆಸಿದ್ರ ಮಸುಕಾಗಿ ಬರ್ತದ. ಎಲ್ಲಕ್ಕಿಂತ ದೊಡ್ಡದು: ಅರ್ಧ ಪಿರಿಯಡ್ ಬರೇ ಟೆಂಪ್ಲೇಟ್ ಆರಿಸೋದ್ರಾಗೇ ಹೋಗ್ತದ, ಪುಸ್ತಕ ಯಾರೂ ತೆರೆಯಂಗಿಲ್ಲ. ಕಂಪ್ಯೂಟರ್ ಬಿಟ್ಟು ಡ್ರಾಯಿಂಗ್ ಶೀಟ್ ಮ್ಯಾಲೇ ಮಾಡ್ಸೋದು ಛಲೋನಾ? ತಿಳಿದವರು ಹೇಳ್ರಿ.

ತೊಗರಿ_ಹೊಲ

ಟೆಂಪ್ಲೇಟ್ ಮೊದಲ ದಿನಾನೇ ಬಂದ್ ಮಾಡ್ರಿ ಮೇಡಂ. ಖಾಲಿ ಎ3 ಪುಟ ತೆರೆದು ಕೊಡ್ರಿ.

ಅಕ್ಷರ_ಜೋಡಣೆ (ಕಲಬುರಗಿ)

ಮೊದಲನೇ ತೊಂದರೆಗೆ ಉತ್ತರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲಾ ಕಡೆ ಒಂದೇ ಥರ ಓದೋ ಅಕ್ಷರ ಸಂಕೇತ) ಅಲ್ಲ. ಅಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಆ ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತೆ, ಫಾಂಟ್ ಬದಲಾದ ತಕ್ಷಣ ಒಳಗಿರೋ ಇಂಗ್ಲಿಷ್ ಸಂಕೇತ ಹೊರಗೆ ಬರುತ್ತೆ. ಪೇಸ್ಟ್ ಮಾಡಿದ ಕಡೆ ಪೌಂಡ್ ಚಿಹ್ನೆ ಕಂಡರೆ ಅದು ‘ನ’. ‘ಕನ್ನಡ’ ಅಂತ ಬರೆದದ್ದರ ನಡುವೆ ಪೌಂಡ್ ಚಿಹ್ನೆ ಕಾಣೋದು ಇದಕ್ಕೇ. ಆನ್‌ಲೈನ್ ಟೂಲಿನಲ್ಲಿ ಆ ಫಾಂಟ್ ಇರಲ್ಲ, ಹಾಗಾಗಿ ಎಷ್ಟು ಸಲ ಪೇಸ್ಟ್ ಮಾಡಿದರೂ ಅದೇ ಕಥೆ.

ಈಗಾಗಲೇ ಟೈಪ್ ಆಗಿದ್ದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಮಾಡಿದ ಮೇಲೆ ಮೂರು ಜಾಗ ಕಣ್ಣಿಟ್ಟು ನೋಡಬೇಕು: ಅರ್ಕಾವತ್ತು ಇರೋ ಪದ (ಸೂರ್ಯ, ವರ್ಷ, ಅರ್ಹತೆ), ಉದ್ಧರಣ ಚಿಹ್ನೆ, ಮತ್ತು ಅಂಕಿ. ತಪ್ಪು ಕೂರೋದು ಹೆಚ್ಚಾಗಿ ಇಲ್ಲೇ.

ಹೊಸದಾಗಿ ಟೈಪ್ ಮಾಡೋದಾದರೆ ನೇರ ಯೂನಿಕೋಡ್‌ನಲ್ಲೇ ಮಾಡಿಸಿ. ನುಡಿಯ ಹೊಸ ಆವೃತ್ತಿಯಲ್ಲೂ ಯೂನಿಕೋಡ್ ಇದೆ. ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ನುಡಿಯಲ್ಲಿರೋ ಕಗಪ ಕೀಲಿಮಣೆ ವಿನ್ಯಾಸ ಒಳಗೇ ಇರುತ್ತೆ, ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರೆ ಆಯ್ತು. ನುಡಿ ಕಲಿತ ಮಕ್ಕಳಿಗೆ ಬೆರಳು ಬದಲಾಗಲ್ಲ. ಅರ್ಧಾಕ್ಷರಕ್ಕೆ ಅದೇ ಎಫ್ ಕೀ.

ಭೀಮಾ_ದಂಡೆ

ಫಾಂಟ್ ಯಾವುದಾದ್ರೂ ನಡೀತದ, ಯೂನಿಕೋಡ್ ಇದ್ರ ಸಾಕಲ್ಲ?

ಅಕ್ಷರ_ಜೋಡಣೆ (ಕಲಬುರಗಿ)

ಸಾಲದು. ಟೂಲಿನ ಪಟ್ಟಿಯಲ್ಲಿರೋ ಬಹಳಷ್ಟು ಫಾಂಟುಗಳಲ್ಲಿ ಕನ್ನಡವೇ ಇಲ್ಲ. ಅಂಥ ಫಾಂಟ್ ಆರಿಸಿದರೆ ಟೂಲು ತನ್ನ ಪಾಡಿಗೆ ಬೇರೆ ಕನ್ನಡ ಫಾಂಟ್ ತಂದು ಹಾಕುತ್ತೆ. ಆಗ ಇಂಗ್ಲಿಷ್ ಅಂಕಿ ಒಂದು ದಪ್ಪ, ಕನ್ನಡ ಒಂದು ದಪ್ಪ. ಬೋಲ್ಡ್ ಒತ್ತಿದರೂ ಕನ್ನಡ ಬದಲಾಗಲ್ಲ.

ಕನ್ನಡ ಖಾತ್ರಿ ಇರೋ ಉಚಿತ ಫಾಂಟುಗಳ ಹೆಸರು ಗೋಡೆಗೆ ಅಂಟಿಸಿಬಿಡಿ. ವಿವರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಶೀರ್ಷಿಕೆಗೆ ಬಾಲೂ ತಮ್ಮ 2. ಪುಸ್ತಕದ ಅಚ್ಚಿನ ಹಾಗೆ ಬೇಕಿದ್ದರೆ ತಿರೊ ಕನ್ನಡ. ಅನೇಕ್‌ನಲ್ಲಿ ಅಗಲ ಕಮ್ಮಿ ಇರೋ ರೂಪವೂ ಇದೆ, ‘ಸುರಪುರ, ಶಹಾಪುರ, ಗುರುಮಠಕಲ್’ ಅಂತ ನಕಾಶೆ ಮೇಲೆ ಇಕ್ಕಟ್ಟಿನಲ್ಲಿ ಬರೆಯೋಕೆ ಅದು ಅನುಕೂಲ. ಒಂದು ಹಾಳೆಗೆ ಎರಡೇ ಫಾಂಟ್.

ಒತ್ತಕ್ಷರ ಬಡಿಯೋದಕ್ಕೆ ಕಾರಣ ಸಾಲಿನ ಅಂತರ. ಟೆಂಪ್ಲೇಟುಗಳು ಇಂಗ್ಲಿಷಿಗೆ ಮಾಡಿದವು, ಅಂತರ ಅಕ್ಷರದ ಅಳತೆಯ 1.2 ಪಟ್ಟಿನ ಆಸುಪಾಸು ಇರುತ್ತೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಂತಸ್ತು ಇದೆ, ‘ರಾಷ್ಟ್ರ’, ‘ಶಾಸ್ತ್ರ’ ಬಂದರೆ ಎರಡು ಅಂತಸ್ತು. ವಿವರಕ್ಕೆ 1.5ರಿಂದ 1.6, ಎರಡು ಸಾಲಿನ ಶೀರ್ಷಿಕೆಗೆ 1.3ಕ್ಕಿಂತ ಕಮ್ಮಿ ಬೇಡ.

ಅಕ್ಷರಗಳ ನಡುವಿನ ಅಂತರ ಸೊನ್ನೆ ಇರಲಿ. ಇದು ಬಹಳ ಜನರಿಗೆ ಗೊತ್ತಾಗದ ತಪ್ಪು. ಇಂಗ್ಲಿಷ್ ದೊಡ್ಡಕ್ಷರದ ಶೀರ್ಷಿಕೆ ಅಗಲವಾಗಿ ಕಾಣಲಿ ಅಂತ ಟೆಂಪ್ಲೇಟಿನಲ್ಲಿ ಆ ಅಂತರ ಹೆಚ್ಚಿಸಿ ಇಟ್ಟಿರುತ್ತಾರೆ. ಅದರ ಮೇಲೆ ಕನ್ನಡ ಹಾಕಿದರೆ ಗುಣಿತ ಒಂದು ಕಡೆ, ಒತ್ತು ಒಂದು ಕಡೆ ಹರಿದು ನಿಲ್ಲುತ್ತೆ. ಬಾಗಿಸಿದ ಅಕ್ಷರದ ಎಫೆಕ್ಟ್‌ನಲ್ಲೂ ಹೀಗೇ ಆಗಬಹುದು, ಕನ್ನಡಕ್ಕೆ ಅದನ್ನು ಬಿಡಿ.

ಯಾವ ಫಾಂಟ್ ಆರಿಸಿದರೂ ಮೊದಲು ಈ ಸಾಲು ಟೈಪ್ ಮಾಡಿ ನೋಡಿ: ರಾಷ್ಟ್ರಕೂಟ, ಸ್ತ್ರೀಶಕ್ತಿ, ಅರ್ಹತೆ, ಕೃಷ್ಣಾ, ಜ್ಞಾನ, ಹೃದಯ. ಇಷ್ಟು ಸರಿ ಬಂದರೆ ಉಳಿದದ್ದೂ ಬರುತ್ತೆ.

ಪುಸ್ತಕದ_ಕಪಾಟು (ಯಾದಗಿರಿ)

ಅಕ್ಷರಗಳ ನಡುವಿನ ಅಂತರ! ‘ಜಿಲ್ಲೆ’ಯೊಳಗಿನ ಒತ್ತು ದೂರ ಹೋಗಿ ನಿಂತಿದ್ದಕ್ಕ ಅದೇ ಕಾರಣ. 150 ಅಂತ ಇತ್ತು. ಸೊನ್ನೆ ಮಾಡಿದ್ಮ್ಯಾಲ ಕೂಡಿಕೊಂಡ್ತು. ಧನ್ಯವಾದ ಸರ್. ಪ್ರಿಂಟಿಂದು ಹೇಳ್ರಿ.

ಸುತಳಿ_ಕ್ಲಿಪ್ಪು

ಪ್ರಿಂಟ್ ಮಸುಕಾಗ್ಲಾಕ ಎರಡು ಕಾರಣ ಇರ್ತಾವ, ಎರಡೂ ಅಂಗಡಿಯವರದಲ್ಲ.

ಒಂದು, ಪುಟದ ಅಳತಿ. ಚೌಕ ಪೋಸ್ಟ್ ಅಂತ ತೆರೆದ್ರ 1080 ಪಿಕ್ಸೆಲ್ ಅಗಲ ಬರ್ತದ. ಎ3 ಹಾಳಿ ಅಗಲ 29.7 ಸೆಂ.ಮೀ., ಅಂದ್ರ 11.69 ಇಂಚು. ಭಾಗಿಸಿದ್ರ ಇಂಚಿಗೆ 92 ಪಿಕ್ಸೆಲ್ ಬಿತ್ತು, ಅಷ್ಟಕ್ಕ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತದ. ಮೊದಲೇ 297 × 420 ಮಿ.ಮೀ. ಅಂತ ಅಳತಿ ಕೊಟ್ಟು ಪುಟ ತೆರೀರಿ. ಇಳಿಸಿಕೊಳ್ಳೂದು ಪ್ರಿಂಟಿನ ಪಿಡಿಎಫ್ ಆಗಿ. ಪಿಡಿಎಫ್‌ನಾಗ ಅಕ್ಷರ ಅಕ್ಷರವಾಗೇ ಇರ್ತದ, ಎಷ್ಟು ದೊಡ್ಡದು ಮಾಡಿದ್ರೂ ಅಂಚು ಕೆಡಂಗಿಲ್ಲ. ಫೋಟೋ ಮಾತ್ರ ದೊಡ್ಡದೇ ಇರಬೇಕು: ಹಾಳಿ ಪೂರ್ತಿ ತುಂಬೋ ಫೋಟೋ ಆದ್ರ ಕನಿಷ್ಠ 1754 × 2480 ಪಿಕ್ಸೆಲ್, ಅಂದ್ರ ಇಂಚಿಗೆ 150.

ಎರಡು, ವಾಟ್ಸಾಪ್. ಫೋಟೋ ಅಂತ ಕಳಿಸಿದ್ರ ಅದು ಕುಗ್ಗಿಸಿ ಕಳಿಸ್ತದ. ಡಾಕ್ಯುಮೆಂಟ್ ಅಂತ ಕಳಿಸ್ರಿ, ಇಲ್ಲಾ ಪೆನ್‌ಡ್ರೈವ್ ಒಯ್ರಿ.

ಅಂಗಡ್ಯಾಗ ‘ಆಕ್ಚುಯಲ್ ಸೈಜ್’ ಹಾಕ್ಲಾಕ ಹೇಳ್ರಿ. ನಾಲ್ಕೂ ಕಡಿ 10 ಮಿ.ಮೀ. ಖಾಲಿ ಬಿಡ್ರಿ, ಮಷಿನ್ ಅಂಚಿನ ತನಕ ಪ್ರಿಂಟ್ ಮಾಡಂಗಿಲ್ಲ. ಗಾಢ ನೀಲಿ, ಕರಿ ಹಿನ್ನೆಲಿ ಬ್ಯಾಡ. ಟೋನರ್ ಪಟ್ಟಿ ಪಟ್ಟಿ ಬೀಳ್ತದ, ಹಾಳಿ ಸುರುಳಿ ಆಗ್ತದ, ರೊಕ್ಕಾನೂ ಹೆಚ್ಚು. ಬಿಳಿ ಹಿನ್ನೆಲಿ, ಒಂದು ಗಾಢ ಬಣ್ಣ, ಒಂದು ತಿಳಿ ಬಣ್ಣ, ಅಕ್ಷರ ಕರಿ. ಮುಗೀತು.

ಭೀಮಾ_ದಂಡೆ

ಫ್ಲೆಕ್ಸ್ ಮಾಡ್ಸಿದ್ರ ಈ ಹಾಳಿ ರಗಳಿನೇ ಇರಂಗಿಲ್ಲ. ಗಟ್ಟಿ ಇರ್ತದ.

ಸುತಳಿ_ಕ್ಲಿಪ್ಪು

ಲೈಬ್ರರಿಗೆ ಫ್ಲೆಕ್ಸ್ ಬ್ಯಾಡ್ರಿ. ಅದು ದೂರದಿಂದ ನೋಡೋ ಬೋರ್ಡಿಗೆ ಸರಿ, 28 ಪಾಯಿಂಟ್ ಅಕ್ಷರದ ಅಂಚು ಅದ್ರಾಗ ಚೂಪಾಗಿ ಕೂಡಂಗಿಲ್ಲ. ಮತ್ತ ಹಾಳಿಯೊಳಗಿನ ತಪ್ಪು ಅಂಕಿ ಮ್ಯಾಲ ಚೀಟಿ ಅಂಟಿಸಿ ತಿದ್ದಬಹುದು, ಮುಂದಿನ ವರ್ಷ ಹೊಸದು ಹಾಕಬಹುದು. ಪ್ಲಾಸ್ಟಿಕ್ ಎಲ್ಲಿ ಒಗೀತೀರಿ?

ಬ್ರಹ್ಮಪುರ_ಗಲ್ಲಿ

ಅಕ್ಷರದ ಅಳತಿ ಎಷ್ಟಿರಬೇಕು? ಅದನ್ನೂ ಹೇಳಿಬಿಡ್ರಿ.

ಸುತಳಿ_ಕ್ಲಿಪ್ಪು

ಎ3 ಮ್ಯಾಲ ವಿವರ 28 ಪಾಯಿಂಟಿಗಿಂತ ಕಡಿಮಿ ಬ್ಯಾಡ, ಶೀರ್ಷಿಕೆ 72. ಕನ್ನಡದಾಗ ಪಾಯಿಂಟಿನ ಎತ್ತರದೊಳಗ ಒತ್ತಕ್ಷರಕ್ಕೂ ಜಾಗ ಬಿಟ್ಟಿರ್ತಾರ, ಹಂಗಾಗಿ ಮೂಲ ಅಕ್ಷರ ಇಂಗ್ಲಿಷಿಗಿಂತ ಸಣ್ಣದು ಕಾಣ್ತದ. ಇಂಗ್ಲಿಷ್ ಲೆಕ್ಕ ಇಲ್ಲಿ ನಡೆಯಂಗಿಲ್ಲ.

ಎ3 ತೆಗೆಸೋಕಿಂತ ಮುಂಚೆ ಶಾಲ್ಯಾಗೇ ಎ4 ಪ್ರೂಫ್ (ತಪ್ಪು ನೋಡ್ಲಾಕ ಒಂದು ಪ್ರಿಂಟ್) ತೆಗೀರಿ, ಕಪ್ಪು-ಬಿಳುಪಿನಾಗೇ. ಗೋಡಿಗೆ ಹಚ್ಚಿ 1 ಮೀಟರ್ ದೂರದಿಂದ ಓದಿಸ್ರಿ. ಅಲ್ಲಿಂದ ಓದ್ಲಾಕ ಬಂದ್ರ ಎ3 ಮ್ಯಾಲ 1.4 ಮೀಟರಿನಿಂದ ಓದ್ಲಾಕ ಬರ್ತದ. ಎ4ರಿಂದ ಎ3ಗೆ ಉದ್ದ-ಅಗಲ ಎರಡೂ 1.41 ಪಟ್ಟು ಬೆಳೀತಾವ, ಅದೇ ಲೆಕ್ಕ. ಕಪ್ಪು-ಬಿಳುಪಿನಾಗ ಎರಡು ಪಟ್ಟಿ ಒಂದೇ ಬೂದಿ ಬಣ್ಣ ಕಂಡ್ರ ಬಣ್ಣ ಬದಲ್ಸ್ರಿ. ಕೆಂಪು-ಹಸಿರು ಬೇರೆ ಮಾಡಿ ನೋಡ್ಲಾಕ ಬರದ ಮಕ್ಕಳಿಗೂ ಅಂಥ ಬಣ್ಣ ಗುರುತಿಸ್ಲಾಕ ಕಷ್ಟ ಆಗಬಹುದು.

ಗಣಿತ_ಮಾಸ್ತರ (ಸೇಡಂ)

ಇಷ್ಟು ಹೊತ್ತು ಅಕ್ಷರ, ಬಣ್ಣ, ಹಾಳೆ ಆಯ್ತು. ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ. ‘ನಮ್ಮ ಜಿಲ್ಲೆ’ ಅನ್ನೋದು ವಿಷಯ, ಪ್ರಶ್ನೆ ಅಲ್ಲ. ಪ್ರಶ್ನೆ ಇಲ್ಲದಿದ್ದರೆ ಮಕ್ಕಳು ಸಿಕ್ಕ ಅಂಕಿ ಎಲ್ಲಾ ತುಂಬುತ್ತಾರೆ. ‘ಯಾದಗಿರಿಯಲ್ಲಿ ಓದು ಬರೋ ಗಂಡಸರಿಗೂ ಹೆಂಗಸರಿಗೂ ಅಂತರ ಎಷ್ಟು?’ ಅಂತ ಕೇಳಿ. 2011ರ ಜನಗಣತಿ ಪ್ರಕಾರ ಗಂಡಸರು ಶೇ. 62.25, ಹೆಂಗಸರು ಶೇ. 41.38. ಅಂತರ 20.87. ಇಷ್ಟೇ ಎರಡು ಪಟ್ಟಿ ದೊಡ್ಡದಾಗಿ ಬರೆದರೆ ಹಾಳೆ ಮಾತಾಡುತ್ತೆ.

ತೊಗರಿ_ಹೊಲ

ಜಿಲ್ಲೆಯ ಒಟ್ಟು ಸಾಕ್ಷರತೆ ಒಂದು ಕಡಿ 52.36 ಅದ, ಇನ್ನೊಂದು ಕಡಿ 51.83 ಅದ. ಯಾವುದು ಖರೇ?

ಗಣಿತ_ಮಾಸ್ತರ (ಸೇಡಂ)

52.36 ಅನ್ನೋದು 2011ರಲ್ಲಿ ಮೊದಲು ಬಂದ ತಾತ್ಕಾಲಿಕ ಅಂಕಿ. 51.83 ಆಮೇಲೆ ಬಂದ ಅಂತಿಮ ಅಂಕಿ. ಅಂತಿಮದ್ದನ್ನೇ ಹಾಕಿ. ಬರೀ ಅಂಕಿ ಬರೆಸಬೇಡಿ, ‘ಜನಗಣತಿ 2011, ಅಂತಿಮ’ ಅಂತ ಪಕ್ಕದಲ್ಲಿ ಇರಲಿ. ಸಾಕ್ಷರತೆ ಲೆಕ್ಕ 7 ವರ್ಷ ಮತ್ತು ಮೇಲಿನವರದ್ದು, ಒಟ್ಟು ಜನಸಂಖ್ಯೆ 11,74,271ಕ್ಕೆ ಅದನ್ನು ಗುಣಿಸಿ ‘ಇಷ್ಟು ಜನ ಅಕ್ಷರಸ್ಥರು’ ಅಂತ ಬರೆದರೆ ತಪ್ಪಾಗುತ್ತೆ. ಮಕ್ಕಳು ಮಾಡೋದು ಇದನ್ನೇ.

ಇನ್ನೊಂದು ಗುಂಡಿ ಇದೆ. 2001ಕ್ಕೂ 2011ಕ್ಕೂ ಹೋಲಿಸೋ ಪಟ್ಟಿ ಎಲ್ಲರಿಗೂ ಇಷ್ಟ. ಆದರೆ ಯಾದಗಿರಿ ಜಿಲ್ಲೆ ಆಗಿದ್ದು 2009ರ ಡಿಸೆಂಬರಿನಲ್ಲಿ. 2001ರ ‘ಗುಲಬರ್ಗಾ ಜಿಲ್ಲೆ’ ಒಳಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಸೇರಿವೆ. ಆ ಅಂಕಿಯನ್ನು 2011ರ ಕಲಬುರಗಿ ಅಂಕಿ ಪಕ್ಕದಲ್ಲಿ ನಿಲ್ಲಿಸಿದರೆ ಜನ ಕಡಿಮೆಯಾದ ಹಾಗೆ ಕಾಣುತ್ತೆ. ತಾಲ್ಲೂಕುವಾರು ತೆಗೆದು ಕೂಡಿಸಿ ಹೋಲಿಸಬೇಕು, ಇಲ್ಲವೇ ಹೋಲಿಕೆ ಬಿಡಬೇಕು.

ಬ್ರಹ್ಮಪುರ_ಗಲ್ಲಿ

ಇದು ಗೊತ್ತೇ ಇರ್ಲಿಲ್ಲ. ಎಷ್ಟೋ ಚಾರ್ಟುಗಳೊಳಗ ಹಂಗೇ ಹೋಲ್ಸಿರ್ತಾರ.

ಕೋಟೆ_ಕಮಾನು (ಬೀದರ್)

ಮೂರೂ ಜಿಲ್ಲೆ ಪೈ ಚಾರ್ಟ್ ಹಾಕಿದ್ರ ಚಂದ ಕಾಣ್ತದಲ್ರಿ? ಬೀದರ್ 70.51, ಕಲಬುರಗಿ 64.85, ಯಾದಗಿರಿ 51.83.

ಗಣಿತ_ಮಾಸ್ತರ (ಸೇಡಂ)

ಬೇಡ ಬೇಡ. ಪೈ ಅಂದರೆ ಒಂದೇ ಇಡಿಯ ತುಂಡುಗಳು, ಕೂಡಿಸಿದರೆ 100 ಆಗಬೇಕು. ಇವನ್ನು ಕೂಡಿಸಿದರೆ 187.19. ಇವು ಮೂರು ಬೇರೆ ಬೇರೆ ರೊಟ್ಟಿ, ಒಂದು ರೊಟ್ಟಿಯ ತುಂಡಲ್ಲ. ಸ್ತಂಭ ಚಿತ್ರ ಹಾಕಿ.

ಅದರಲ್ಲೂ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ. ಟೂಲುಗಳಲ್ಲಿ ಕೆಲವು ಸಲ ಅದು ತಾನಾಗೇ 50ರಿಂದ ಶುರುವಾಗುತ್ತೆ. ಆಗ ಯಾದಗಿರಿ ಸ್ತಂಭ 1.83ರಷ್ಟು, ಬೀದರ್ ಸ್ತಂಭ 20.51ರಷ್ಟು ಎತ್ತರ. ಕಣ್ಣಿಗೆ ಬೀದರ್ 11 ಪಟ್ಟು ಕಾಣುತ್ತೆ. ನಿಜವಾಗಿ 1.36 ಪಟ್ಟು. ಯಾದಗಿರಿ ಮಕ್ಕಳ ಕೈಯಲ್ಲೇ ಯಾದಗಿರಿಗೆ ಈ ಅನ್ಯಾಯ ಆಗಬಾರದು.

ಕೋಟೆ_ಕಮಾನು (ಬೀದರ್)

ಒಪ್ಪಿದೆ ಸರ್. ಆದ್ರ ಪೈ ಪೂರ್ತಿ ಕೆಟ್ಟದ್ದು ಅಂತ ಮಾತ್ರ ಅನ್ನಬ್ಯಾಡ್ರಿ. ಎರಡು-ಮೂರು ತುಂಡು ಇದ್ದು, ಅರ್ಧಕ್ಕಿಂತ ಹೆಚ್ಚಾ ಕಡಿಮಿನಾ ಅಂತ ತೋರ್ಸ್ಲಾಕ ಪೈ ಥಟ್ಟನೆ ತಿಳೀತದ. 8 ತುಂಡು ಮಾಡಿ, ಬಣ್ಣದ ಪಟ್ಟಿ ಪಕ್ಕಕ್ಕಿಟ್ಟು ಕಣ್ಣು ಓಡಾಡಿಸಿದ್ರ ಮಾತ್ರ ಕಷ್ಟ.

ಗಣಿತ_ಮಾಸ್ತರ (ಸೇಡಂ)

ಹೌದು, ಅಷ್ಟಕ್ಕೆ ಸರಿ. 3ಡಿ ಪೈ ಮಾತ್ರ ಯಾವತ್ತೂ ಬೇಡ, ಮುಂದಿನ ತುಂಡು ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಪುಸ್ತಕದ_ಕಪಾಟು (ಯಾದಗಿರಿ)

ಮನುಷ್ಯರ ಚಿತ್ರ ಹಾಕಿ ತೋರ್ಸೋದು? ದೊಡ್ಡ ಅಂಕಿಗೆ ದೊಡ್ಡ ಮನುಷ್ಯ, ಸಣ್ಣ ಅಂಕಿಗೆ ಸಣ್ಣ ಮನುಷ್ಯ, ಹಂಗ ಮಾಡ್ಯಾರ ಮಕ್ಕಳು.

ಇತಿಹಾಸದ_ಓದು

ಅಲ್ಲೇ ಮೋಸ ಆಗೋದು. ಚಿತ್ರದ ಎತ್ತರ ಎರಡು ಪಟ್ಟು ಮಾಡಿದರೆ ಅಗಲವೂ ಎರಡು ಪಟ್ಟು ಆಗಿ ಜಾಗ ನಾಲ್ಕು ಪಟ್ಟು ತುಂಬುತ್ತೆ. ಕಣ್ಣು ನೋಡೋದು ಜಾಗವನ್ನು. ಇದಕ್ಕೆ ಉತ್ತರ ಕಂಡುಕೊಂಡವರು ವಿಯೆನ್ನಾದ ಓಟೊ ನ್ಯೂರಾತ್, 1920ರ ದಶಕದಲ್ಲಿ. ಚಿತ್ರ ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರವನ್ನು ಮತ್ತೆ ಮತ್ತೆ ಇಡಿ ಅಂದರು. ಶಾಲೆಗೂ ಸಾಮಾನ್ಯ ಜನಕ್ಕೂ ಅಂಕಿ ತಿಳಿಯಲಿ ಅಂತಲೇ ಅವರು ಆ ಪದ್ಧತಿ ಕಟ್ಟಿದ್ದು, ಆ ಪದ್ಧತಿಗೆ ಆಮೇಲೆ ಐಸೊಟೈಪ್ ಅನ್ನೋ ಹೆಸರು ಬಂತು. ಗೆರ್ಡ್ ಆರ್ನ್ಟ್ಸ್ ಅದಕ್ಕೆ ಚಿತ್ರ ಬರೆದವರು.

ನಿಮ್ಮ ಹಾಳೆಗೆ ಇದು ಹೀಗೆ: ಒಂದು ಸಾಲಿನಲ್ಲಿ 10 ಹುಡುಗಿಯರ ಗೊಂಬೆ, 4 ಬಣ್ಣ ತುಂಬಿದ್ದು, 6 ಬರೀ ಗೆರೆ. ಅದರ ಕೆಳಗೆ 10 ಹುಡುಗರ ಗೊಂಬೆ, 6 ಬಣ್ಣ ತುಂಬಿದ್ದು. ಪಕ್ಕದಲ್ಲಿ ನಿಖರ ಅಂಕಿ 41.38, 62.25. ಅರ್ಧ ಗೊಂಬೆ, ಕಾಲು ಗೊಂಬೆ ಮಾಡೋಕೆ ಹೋಗಬೇಡಿ.

ಮಕ್ಕಳಿಗೆ ಈ ಚಿತ್ರಗಳ ಚರಿತ್ರೆ ಹೇಳಿದರೂ ಖುಷಿಪಡುತ್ತಾರೆ. ಸ್ತಂಭ ಚಿತ್ರ ವಿಲಿಯಂ ಪ್ಲೇಫೇರ್ ಅವರ 1786ರ ಪುಸ್ತಕದಲ್ಲಿ ಬಂತು, ಪೈ 1801ರಲ್ಲಿ ಅವರಿಂದಲೇ. ಜಾನ್ ಸ್ನೋ 1854ರ ಲಂಡನ್ ಕಾಲರಾ ಸಾವುಗಳನ್ನು ನಕಾಶೆ ಮೇಲೆ ಗುರುತು ಹಾಕಿದಾಗ ಅವು ಒಂದು ಬೀದಿ ಪಂಪಿನ ಸುತ್ತ ಗುಂಪಾಗಿ ಕಂಡವು, ರೋಗ ನೀರಿನಿಂದ ಬರುತ್ತೆ ಅನ್ನೋ ಅವರ ಮಾತಿಗೆ ಬಲ ಬಂತು. ಫ್ಲಾರೆನ್ಸ್ ನೈಟಿಂಗೇಲ್ 1858ರಲ್ಲಿ ಸೈನಿಕರ ಸಾವಿನ ಚಿತ್ರ ಬರೆದರು. ಗಾಯಕ್ಕಿಂತ ತಡೆಯಬಹುದಾದ ರೋಗದಿಂದ ಸತ್ತವರೇ ಹೆಚ್ಚು ಅಂತ ಅಧಿಕಾರದಲ್ಲಿದ್ದವರಿಗೆ ಕಾಣಿಸಬೇಕಿತ್ತು. ಎಲ್ಲರ ಕೈಯಲ್ಲೂ ಮೊದಲು ಇದ್ದದ್ದು ಒಂದು ಪ್ರಶ್ನೆ.

ಕೋಟೆ_ಕಮಾನು (ಬೀದರ್)

ಬರೇ ಅಂಕಿ ಅಂಕಿ ಅನ್ನಬ್ಯಾಡ್ರಿ, ಕೆಲಸದ ಹಂತ ತೋರ್ಸೋದೂ ಇನ್ಫೋಗ್ರಾಫಿಕ್ಕೇ. ಬಿದರಿ ಕೆಲಸ ತಗೋರಿ. ಸತುವು 16 ಭಾಗ, ತಾಮ್ರ 1 ಭಾಗ. ಇದನ್ನ 17 ಸಣ್ಣ ಚೌಕದಾಗ ತೋರ್ಸ್ರಿ: 16 ಬೂದಿ, 1 ತಾಮ್ರದ ಬಣ್ಣ. ‘16:1’ ಅಂತ ಬರೆದದ್ದು ನೆನಪಿರಂಗಿಲ್ಲ, ಆ ಒಂಟಿ ಕೆಂಪು ಚೌಕ ನೆನಪಿರ್ತದ.

ಆಮ್ಯಾಲ ಹಂತ. ಮಣ್ಣಿನ ಅಚ್ಚಿನಾಗ ಎರಕ, ಅರದಿಂದ ಉಜ್ಜಿ ನುಣುಪು ಮಾಡೋದು, ಮೈಲುತುತ್ತದ ನೀರು ಹಚ್ಚಿ ಕರಿ ಮಾಡೋದು, ಮೊಳಿಯಿಂದ ಚಿತ್ತಾರ ಗೀರೋದು, ಉಳಿಯಿಂದ ಕೆತ್ತೋದು, ಬೆಳ್ಳಿ ತಂತಿ ಕೂಡ್ಸೋದು, ಮತ್ತ ಉಜ್ಜೋದು, ಕಡೀಕ ಬೀದರ್ ಕೋಟೆಯ ಮಣ್ಣು, ನವಸಾಗರ ಕೂಡ್ಸಿದ ಬಿಸಿನೀರಿನಾಗ ಅದ್ದೋದು. ಆಗ ಸತುವು ಕಾಯಂ ಕರಿ ಆಗ್ತದ, ಬೆಳ್ಳಿ ಹಂಗೇ ಹೊಳೀತದ. ಎಣ್ಣಿ ಹಚ್ಚಿದ್ರ ಮುಗೀತು.

ಮಕ್ಕಳು ತಪ್ಪೋದು ಎರಡು ಕರಿ ಬಣ್ಣದಾಗ. ಮೊದಲನೇ ಕರಿ ತಾತ್ಕಾಲಿಕ, ಗೀರು ಬೆಳ್ಳಗ ಕಾಣಲಿ ಅಂತ ಹಚ್ಚೋದು, ಆಮ್ಯಾಲ ಉಜ್ಜಿದ್ರ ಹೋಗ್ತದ. ಕಡೀದೇ ನಿಜವಾದ ಕರಿ. ಹಾಳ್ಯಾಗ ಮೊದಲನೇದಕ್ಕ ತಿಳಿ ಬೂದಿ, ಕಡೀದಕ್ಕ ಗಟ್ಟಿ ಕರಿ ಹಾಕ್ರಿ, ವ್ಯತ್ಯಾಸ ಕಣ್ಣಿಗೇ ತಿಳೀತದ. ಬಾಣದ ಗುರುತು ಒಂದೇ ದಿಕ್ಕಿಗೆ ಇರಲಿ. ಮ್ಯಾಲಿನ ಸಾಲು ಎಡದಿಂದ ಬಲಕ್ಕ ಹೋಗಿ ಕೆಳಗಿನ ಸಾಲು ಬಲದಿಂದ ಎಡಕ್ಕ ಬಂದ್ರ ನೋಡೋರು ದಾರಿ ತಪ್ಪತಾರ.

ಬೀದರ್ ಹತ್ರದ ನೌಬಾದ್ ಸುರಂಗ ಬಾವಿನೂ (ನೆಲದೊಳಗಿನ ನೀರು ಸುರಂಗದಾಗ ಹರಿಸೋ ಹಳೇ ಏರ್ಪಾಡು) ಮಾಡ್ಸಬಹುದು. ಅದಕ್ಕ ಫೋಟೋ ಬ್ಯಾಡ, ನೆಲ ಕತ್ತರಿಸಿ ಪಕ್ಕದಿಂದ ನೋಡಿದಂಗ ಚಿತ್ರ ಬೇಕು: ತಾಯಿ ಬಾವಿ, ಸ್ವಲ್ಪೇ ಇಳಿಜಾರಿನ ಸುರಂಗ, ನಡುನಡುವ ಮ್ಯಾಲಿಂದ ಇಳಿಯೋ ಗಾಳಿ ಬಾವಿ.

ನಸ್ತಾಲಿಕ್ (ಬೀದರ್)

ನಮ್ಮ ಕಡೆ ಉರ್ದು ಮಾಧ್ಯಮದ ಮಕ್ಕಳೂ ಇದ್ದಾರೆ. ಕನ್ನಡಕ್ಕೆ ನುಡಿ ಇದ್ದ ಹಾಗೆ ಉರ್ದುವಿಗೆ ಇನ್‌ಪೇಜ್. ಅದರ ಹಳೆಯ ಫೈಲುಗಳೂ ಯೂನಿಕೋಡ್ ಅಲ್ಲ, ಪೇಸ್ಟ್ ಮಾಡಿದರೆ ಅದೇ ಗೊಂದಲ. ನೋಟೊ ನಸ್ತಾಲಿಕ್ ಉರ್ದು ಫಾಂಟ್ ಬಳಸಿ, ಸಾಲಿನ ಅಂತರ 2ರ ಹತ್ತಿರ ಇಡಿ, ನಸ್ತಾಲಿಕ್ ಮೇಲಿಂದ ಕೆಳಗೆ ಓರೆಯಾಗಿ ಇಳಿಯುತ್ತೆ. ಬರೀ ಅಕ್ಷರ ಬದಲಿಸಿದರೆ ಸಾಲದು. ಕಾಲರೇಖೆ ಬಲದಿಂದ ಎಡಕ್ಕೆ ಸಾಗಬೇಕು, ಬಾಣಗಳೂ ತಿರುಗಬೇಕು. ಅಂಕಿ ಮಾತ್ರ ಎಡದಿಂದ ಬಲಕ್ಕೇ. ಒಂದೇ ಹಾಳೆಯಲ್ಲಿ ಎರಡೂ ಭಾಷೆ ತುರುಕಬೇಡಿ, ಪಕ್ಕಪಕ್ಕ ಎರಡು ಹಾಳೆ ಮಾಡಿ.

ಕೋಟೆ_ಕಮಾನು (ಬೀದರ್)

ಸರಿಯಾದ ಮಾತು ಭಾಯಿ.

ಬ್ರಹ್ಮಪುರ_ಗಲ್ಲಿ

ಇಷ್ಟೆಲ್ಲಾ ಯಾಕ, ಎಐಗೆ ಹೇಳಿದ್ರ ಒಂದು ನಿಮಿಷದಾಗ ಪೋಸ್ಟರ್ ಕೊಡ್ತದ.

ಅಕ್ಷರ_ಜೋಡಣೆ (ಕಲಬುರಗಿ)

ಚಿತ್ರ ಬರೆದುಕೊಡೋ ಎಐ ಒಳಗೆ ಕನ್ನಡ ಅಕ್ಷರ ಎಷ್ಟೋ ಸಲ ಕನ್ನಡದ ಹಾಗೆ ಕಾಣೋ ಗೀಚು ಅಷ್ಟೇ. ಅದು ಚಿತ್ರ ಆದ್ದರಿಂದ ತಿದ್ದೋಕೂ ಬರಲ್ಲ. ಅಂಕಿಯೂ ಅದೇ ಕಟ್ಟಿ ಕೊಡುತ್ತೆ. ಲೈಬ್ರರಿ ಪಿರಿಯಡ್‌ನಲ್ಲಿ ಕಲಿಯಬೇಕಾದದ್ದು ಅಂಕಿ ಎಲ್ಲಿಂದ ಬಂತು ಅನ್ನೋದನ್ನೇ.

ಹಳೇ_ರಿಜಿಸ್ಟರ್

ಮೇಡಂ, ಪುಸ್ತಕ ಯಾರೂ ತೆರೆಯಂಗಿಲ್ಲ ಅಂದ್ರಲ್ಲ, ಅದಕ್ಕ ಬರ್ತೀನಿ. ಟೂಲ್ ಕಡೀಕ ಬರಬೇಕು, ಮೊದಲಲ್ಲ.

38 ಮಕ್ಕಳಿಗೆ 10 ಗುಂಪು ಮಾಡ್ರಿ, 8 ಗುಂಪಿನಾಗ ನಾಲ್ಕು ನಾಲ್ಕು, 2 ಗುಂಪಿನಾಗ ಮೂರು ಮೂರು. ಮೊದಲ ವಾರ ಬರೇ ಪ್ರಶ್ನೆ. ಗುಂಪಿಗೊಂದು ಪ್ರಶ್ನೆ, ಒಂದೇ ವಾಕ್ಯ, ಕೊನೀಗೆ ಪ್ರಶ್ನಾರ್ಥಕ ಚಿಹ್ನೆ ಇರಲೇಬೇಕು. ಎರಡು, ಮೂರನೇ ವಾರ ಚೀಟಿ. ಒಂದು ಚೀಟಿಗೆ ಒಂದೇ ಸಂಗತಿ, ಹಿಂದ್ಗಡೆ ಪುಸ್ತಕದ ಹೆಸರು, ಪುಟ, ಪ್ರಕಟವಾದ ವರ್ಷ, ಅಕ್ಸೆಶನ್ ನಂಬರ್ (ಲೈಬ್ರರಿ ಆ ಪುಸ್ತಕಕ್ಕ ಕೊಟ್ಟ ದಾಖಲೆ ನಂಬರ್). ಹಿಂದ್ಗಡೆ ಖಾಲಿ ಇರೋ ಚೀಟಿ ಹಾಳಿಗೆ ಹೋಗಂಗಿಲ್ಲ. ಈ ಒಂದು ನಿಯಮಕ್ಕ ಮಕ್ಕಳು ತಾವೇ ಕಪಾಟಿನ ಕಡಿ ಹೋಗ್ತಾರ.

ನಾಲ್ಕನೇ ವಾರ ಎ3 ಡ್ರಾಯಿಂಗ್ ಶೀಟ್ ಮೂರು ಸಲ ಮಡಚಿದ್ರ 8 ಮನಿ ಆಗ್ತಾವ. ಮ್ಯಾಲಿನ ಎರಡು ಮನಿ ಶೀರ್ಷಿಕೆ, ನಡುವಿನ ನಾಲ್ಕು ಮನಿ ಚಿತ್ರ, ಉಳಿದದ್ದು ವಿವರ. ಚೀಟಿ ಇಟ್ಟು ಸರಿಸಿ ನೋಡ್ರಿ, ಪೆನ್ಸಿಲಿನಿಂದ ಬರೀರಿ. 12-15 ಚೀಟಿ ಬಂದಿರ್ತಾವ, 6ಕ್ಕಿಂತ ಹೆಚ್ಚು ಇಡಬ್ಯಾಡ್ರಿ. ಪೂರ್ತಿ ಹಾಳ್ಯಾಗ ಪದ 100 ದಾಟಬಾರದು. ತೆಗೆದು ಹಾಕೋದು ಯಾವುದು ಅಂತ ಜಗಳ ಆಗಲಿ, ಓದಿದ್ದು ತಲಿಗೆ ಹೋಗೋದು ಆ ಜಗಳದಾಗ.

ಐದನೇ ವಾರ 5 ಗುಂಪು ಕಂಪ್ಯೂಟರಿಗೆ, ಉಳಿದ 5 ಗುಂಪು ಒಬ್ಬರ ಚೀಟಿ ಇನ್ನೊಬ್ಬರು ಪುಸ್ತಕದೊಂದಿಗೆ ತಾಳೆ ನೋಡೋದು. ಆರನೇ ವಾರ ಅದಲು ಬದಲು. ಪೆನ್ಸಿಲ್ ನಕಾಶಿ ಕೈಯಾಗಿದ್ರ 40 ನಿಮಿಷ ಸಾಕು, ಟೆಂಪ್ಲೇಟ್ ನೆನಪೂ ಆಗಂಗಿಲ್ಲ. ಏಳನೇ ವಾರ ಎ4 ಪ್ರೂಫ್, ತಿದ್ದುಪಡಿ.

ತೊಗರಿ_ಹೊಲ

ನೆಟ್ ಹೋದ ದಿನ?

ಅಕ್ಷರ_ಜೋಡಣೆ (ಕಲಬುರಗಿ)

ಲಿಬ್ರೆಆಫೀಸ್ ಡ್ರಾ. ಉಚಿತ, ನೆಟ್ ಬೇಡ, ಪುಟ ಎ3 ಇಡಬಹುದು. ಒಂದು ಸೆಟ್ಟಿಂಗ್ ಮರೆತರೆ ಕನ್ನಡ ಫಾಂಟ್ ಬದಲಾಗಲ್ಲ: ಆಯ್ಕೆಗಳ ಭಾಷಾ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಚಾಲೂ ಮಾಡಿ ಕನ್ನಡ ಆರಿಸಬೇಕು. ಅಲ್ಲಿ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಬೇರೆ ಫಾಂಟ್ ಅಂತ ಎರಡು ಖಾನೆ ಇರುತ್ತವೆ. ಬರೀ ಮೇಲಿನ ಖಾನೆ ಬದಲಿಸಿ ‘ಫಾಂಟ್ ಬದಲಾಗ್ತಿಲ್ಲ’ ಅನ್ನೋರೇ ಹೆಚ್ಚು. ಚಿತ್ರ ಬಿಡಿಸೋಕೆ ಇಂಕ್‌ಸ್ಕೇಪ್ ಇದೆ, ಅದೂ ಉಚಿತ. ಯಾವುದರಲ್ಲಿ ಮಾಡಿದರೂ ಅಂಗಡಿಗೆ ಪಿಡಿಎಫ್ ಕೊಡಿ, ಮೂಲ ಫೈಲ್ ಕೊಡಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲ್ಲ.

ಹಳೇ_ರಿಜಿಸ್ಟರ್

ನೆಟ್ ಇದ್ದಾಗ ಕ್ಯಾನ್ವಾ ಬಳಸೋದಾದ್ರ ಶಾಲೆಗಳಿಗೆ ಅಂತಲೇ ಉಚಿತ ಎಜುಕೇಶನ್ ಖಾತೆ ಅದ, ಶಿಕ್ಷಕರ ಜೊತಿ ಶಾಲಾ ಗ್ರಂಥಪಾಲಕರೂ ಅರ್ಜಿ ಹಾಕಬಹುದು. ಶಾಲ್ಯಾಗ ಕೆಲಸ ಮಾಡೋದಕ್ಕ ದಾಖಲೆ ಕೇಳ್ತದ. ಮಕ್ಕಳನ್ನ ಆಮಂತ್ರಣದ ಮೂಲಕ ಸೇರ್ಸ್ಕೋರಿ, ನಿಮ್ಮ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬ್ಯಾಡ್ರಿ. ಸಾಮಾನ್ಯ ಉಚಿತ ಖಾತೆಯೊಳಗ ಕಿರೀಟದ ಗುರುತಿನ ಚಿತ್ರ ರೊಕ್ಕದ್ದು, ಹಂಗೇ ಹಾಕಿದ್ರ ಮ್ಯಾಲ ವಾಟರ್‌ಮಾರ್ಕ್ ಇರ್ತದ.

ಹುಡುಕಿದಾಗ ಬಂದ ಚಿತ್ರ ಎಲ್ಲಾ ನಮ್ಮದಲ್ಲ. ವಿಕಿಮೀಡಿಯ ಕಾಮನ್ಸ್‌ನಾಗ ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾದ ಚಿತ್ರ ಅವ. ಚಿತ್ರದ ಪುಟದಾಗ ತೆಗೆದವರ ಹೆಸರು, ಪರವಾನಗಿ ಬರೆದಿರ್ತದ, ಅದನ್ನ ಚಿತ್ರದ ಕೆಳಗ ಸಣ್ಣದಾಗಿ ಬರೆಸ್ರಿ. ಮಕ್ಕಳಿಗೆ ಇದೂ ಪಾಠವೇ.

ಭೀಮಾ_ದಂಡೆ

ಹೆಚ್ಚಿನ ಓದಿಗೆ ಕ್ಯೂಆರ್ ಕೋಡ್ ಹಾಕಿಸ್ರಿ, ಹಾಳಿ ಮ್ಯಾಲ ಜಾಗ ಉಳೀತದ.

ಸುತಳಿ_ಕ್ಲಿಪ್ಪು

ಹಾಕೋದಾದ್ರ ಸ್ಟ್ಯಾಟಿಕ್ ಕ್ಯೂಆರ್ (ವಿಳಾಸ ಕೋಡಿನೊಳಗೇ ಇರ್ತದ) ಹಾಕ್ರಿ. ಡೈನಮಿಕ್ ಅನ್ನೋದು ನಡುವಿನ ಸೈಟಿನ ಮ್ಯಾಲ ನಿಂತಿರ್ತದ, ಅವರ ಉಚಿತ ಅವಧಿ ಮುಗಿದ್ರ ಕೋಡ್ ಸತ್ತಂಗ. ದೂರದ ಹತ್ತನೇ ಒಂದು ಪಾಲು ಅಳತಿ: 30 ಸೆಂ.ಮೀ.ಯಿಂದ ಹಿಡಿಯೋದಕ್ಕ 3 ಸೆಂ.ಮೀ. ಸುತ್ತ ಬಿಳಿ ಅಂಚು ಬಿಡ್ರಿ. ಹೊಳಪಿನ ಲ್ಯಾಮಿನೇಶನ್ ಮ್ಯಾಲ ಕಿಟಕಿ ಬೆಳಕು ಬಿದ್ರ ಹಿಡಿಯಂಗಿಲ್ಲ, ಮ್ಯಾಟ್ ಮಾಡ್ಸ್ರಿ.

ಹಳೇ_ರಿಜಿಸ್ಟರ್

ಶಾಲ್ಯಾಗ ಮಕ್ಕಳ ಕೈಯಾಗ ಫೋನ್ ಎಲ್ಲದ ರೀ? ಕ್ಯೂಆರ್ ಯಾರಿಗೆ? ಅದರ ಬದಲು ಹಾಳಿ ತಳದಾಗ ಒಂದು ಪಟ್ಟಿ ಬಿಟ್ಟು ಪುಸ್ತಕದ ಹೆಸರು, ವರ್ಗಾಂಕ (ವಿಷಯದ ಪ್ರಕಾರ ಕಪಾಟಿನಾಗಿನ ಜಾಗ ಹೇಳೋ ನಂಬರ್) ಬರೀರಿ. ಡ್ಯೂಯಿ ವರ್ಗೀಕರಣದ ಪ್ರಕಾರ ಕರ್ನಾಟಕದ ಇತಿಹಾಸ 954.87, ಬಿದರಿಯಂಥ ಲೋಹದ ಕಲೆ 739, ಕನ್ನಡ ಸಾಹಿತ್ಯ 894.814. ಹಾಳಿ ನೋಡಿದ ಮಗು ಎರಡು ಹೆಜ್ಜಿ ಇಟ್ಟು ಆ ಪುಸ್ತಕ ಕೈಗೆ ತಗೋಬೇಕು. ಲೈಬ್ರರಿಯೊಳಗಿನ ಇನ್ಫೋಗ್ರಾಫಿಕ್‌ಗೂ ಹೊರಗಿನ ಪೋಸ್ಟರಿಗೂ ಫರಕ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಓದುಗರ ಸಮಯ ಉಳಿಸ್ರಿ ಅಂತ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಾಗೇ ಗ್ರಂಥಾಲಯದ ನಾಲ್ಕನೇ ಸೂತ್ರ ಬರೆದಾರ.

ಇನ್ನೊಂದು. ಒಂದು ಗುಂಪಿಗೆ ನಿಮ್ಮ ಇಶ್ಯೂ ರಿಜಿಸ್ಟರನ್ನೇ ಕೊಡ್ರಿ. ಯಾವ ವರ್ಗದ ಪುಸ್ತಕ ಯಾವ ತಿಂಗಳು ಎಷ್ಟು ಹೊರಗ ಹೋದವು ಅಂತ ಎಣಿಸಿ ಸ್ತಂಭ ಚಿತ್ರ ಬರೀಲಿ. ಮಕ್ಕಳ ಹೆಸರು ಹಾಳಿ ಮ್ಯಾಲ ಬರಬಾರದು, ಬರೇ ಎಣಿಕಿ. ಇದರಷ್ಟು ನಂಬಿಕಿಯ ಅಂಕಿ ಬೇರೆ ಎಲ್ಲೂ ಸಿಗಂಗಿಲ್ಲ, ಮುಂದಿನ ಖರೀದಿಗೂ ನಿಮಗ ಉಪಯೋಗ.

ಇತಿಹಾಸದ_ಓದು

ಒಳ್ಳೆ ಮಾತು. ಅಂಕ ಕೊಡೋದಾದರೂ ಅದಕ್ಕೆ ತಕ್ಕಂತೆ ಕೊಡಿ. 20ಕ್ಕೆ ಪ್ರಶ್ನೆ 4, ಮೂಲದ ಚೀಟಿ 6, ಸರಿಯಾದ ಚಿತ್ರ ಆರಿಸಿದ್ದು 4, ಭಾಷೆ 4, ಚೆಂದ 2.

ಕೋಟೆ_ಕಮಾನು (ಬೀದರ್)

ಚಂದಕ್ಕ 2 ಭಾಳ ಕಡಿಮಿ ಆಯ್ತು. ಚಿತ್ರ ಬರೆಯೋ ಮಕ್ಕಳಿಗೆ ಮನಸ್ಸು ಮುರೀತದ. 4 ಕೊಡ್ರಿ.

ಇತಿಹಾಸದ_ಓದು

ಸರಿ, ಭಾಷೆಯಿಂದ ಒಂದು, ಚಿತ್ರದ ಆಯ್ಕೆಯಿಂದ ಒಂದು ತೆಗೆದು ಅದಕ್ಕೆ ಹಾಕಿ. ಚೀಟಿಯ 6 ಮಾತ್ರ ಮುಟ್ಟಬೇಡಿ.

ಪುಸ್ತಕದ_ಕಪಾಟು (ಯಾದಗಿರಿ)

ಎಲ್ಲರಿಗೂ ಶರಣು. 7 ವಾರದ ಲೆಕ್ಕ ಹಾಕಿಕೊಂಡೀನಿ. ಗೋಡಿಗೆ ಹಚ್ಚೋದ್ರಾಗ ಏನು ನೋಡ್ಬೇಕು? ಸುಣ್ಣದ ಗೋಡಿ, ಪಶ್ಚಿಮಕ್ಕ ಕಿಟಕಿ.

ಸುತಳಿ_ಕ್ಲಿಪ್ಪು

ಸುಣ್ಣದ ಗೋಡಿಗೆ ಡಬಲ್ ಟೇಪ್ ನಿಲ್ಲಂಗಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಮೆತ್ತಗಾಗಿ ಸುಣ್ಣದ ಹೊಪ್ಪಳಿ ಸಮೇತ ಬೀಳ್ತದ. ಎರಡು ಮೊಳಿ ನಡುವ ಸುತಳಿ ಬಿಗಿದು, ಒಂದೊಂದು ಹಾಳಿಗೆ ಎರಡೆರಡು ಕ್ಲಿಪ್ ಹಾಕ್ರಿ, ಬದಲ್ಸ್ಲಾಕೂ ಸುಲಭ. ಪಶ್ಚಿಮ ಕಿಟಕಿ ಎದುರು ಬ್ಯಾಡ, ಇಂಕ್‌ಜೆಟ್ ಬಣ್ಣ ಬಿಸಿಲಿಗೆ ಹೋಗ್ತದ. ಲೇಸರ್ ಪ್ರಿಂಟ್ ತಡೀತದ. ಹಾಳಿಯ ನಡು ಭಾಗ ನೆಲದಿಂದ 140 ಸೆಂ.ಮೀ. ಎತ್ತರದಾಗ ಬರಲಿ, 9ನೇ ತರಗತಿ ಮಕ್ಕಳ ಕಣ್ಣಿಗೆ ಸರಿ ಹೋಗ್ತದ.

ಹಳೇ_ರಿಜಿಸ್ಟರ್

ಎಲ್ಲಾ ಒಂದೇ ಗೋಡಿಗೆ ಸಾಲಾಗಿ ಬ್ಯಾಡ್ರಿ. ಬಿದರಿ ಹಾಳಿ 739ರ ಕಪಾಟಿನ ಪಕ್ಕ, ಜಿಲ್ಲೆಯ ಇತಿಹಾಸದ್ದು 954ರ ಪಕ್ಕ.

ಪುಸ್ತಕದ_ಕಪಾಟು (ಯಾದಗಿರಿ)

ಹಂಗೇ ಮಾಡ್ತೀನಿ. ತಳದ ಪಟ್ಟಿಗೆ 3 ಸೆಂ.ಮೀ. ಬಿಟ್ರ ಸಾಕೇನ್ರಿ? ವರ್ಗಾಂಕ ಒಂದು ಸಾಲು, ಪುಸ್ತಕದ ಹೆಸರು ಒಂದು ಸಾಲು.

ಅಕ್ಷರ_ಜೋಡಣೆ (ಕಲಬುರಗಿ)

ಸಾಲದು. 3 ಸೆಂ.ಮೀ. ಅಂದರೆ 85 ಪಾಯಿಂಟ್. ವರ್ಗಾಂಕ 36 ಪಾಯಿಂಟ್, ಹೆಸರು 28 ಪಾಯಿಂಟ್, ಅಂತರ 1.5 ಇಟ್ಟರೆ 54 ಮತ್ತು 42, ಒಟ್ಟು 96 ಬೇಕು. 3ರಲ್ಲಿ ಕೂರಿಸಿದರೆ ಹೆಸರಿನ ಒತ್ತಕ್ಷರ ಅಂಚಿಗೆ ಬಿದ್ದು ಕತ್ತರಿಸುತ್ತೆ. 4 ಸೆಂ.ಮೀ. ಬಿಡಿ.